ಸಿನಿಮಾದ ಪಕ್ಕದಲ್ಲೊಂದು ದಾಖಲೆಯೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ವರ್ಣಭೇದವನ್ನು ಅರಿಯಲು ನೋಡಲೇಬೇಕಾದ ಸಿನಿಮಾ, ಓದಲೇಬೇಕಾದ ಪುಸ್ತಕ, ಕೇಳಲೇಬೇಕಾದ ಪಾಡ್‌ಕಾಸ್ಟ್ ಎಂಬ ಪಟ್ಟಿಗಳು ಈಗ ನಮ್ಮ ಪುರವಣಿಗಳಲ್ಲೂ ಬರುತ್ತಿವೆ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಸತ್ತ ಮೇಲಂತೂ ಇಂಥ ಪಟ್ಟಿಗಳು ಪ್ರವಾಹದಂತೆ ಹರಿದವು. ಪಟ್ಟಿಗಳ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಹತ್ತು ಹೆಸರು ಕೊಟ್ಟು ಕೈಬಿಟ್ಟರೆ ಓದುಗರು ಅದರಲ್ಲಿ ಸುಲಭವಾದ ಎರಡು ಸಿನಿಮಾ ನೋಡಿ, ಕಣ್ಣೊರೆಸಿಕೊಂಡು, ‘ಪಾಪ, ಎಂಥ ಅನ್ಯಾಯ’ ಎಂದು ಮುಗಿಸಿಬಿಡುತ್ತಾರೆ. ಇದನ್ನೇ ತರಗತಿಯಲ್ಲಿ ಪಾಠ ಮಾಡುವ ನಮಗೆ ಹೇಳಬೇಕೆನಿಸಿದ್ದು ಇಷ್ಟು: ಯಾವ ಸಿನಿಮಾವನ್ನೂ ಒಂಟಿಯಾಗಿ ನೋಡಬೇಡಿ. ಪಕ್ಕದಲ್ಲಿ ಆ ಕಾಲದ ಒಂದು ದಾಖಲೆಯನ್ನೋ, ಆ ಸಿನಿಮಾಕ್ಕೆ ಆಧಾರವಾದ ಪುಸ್ತಕವನ್ನೋ ಇಟ್ಟುಕೊಂಡು ನೋಡಿ. ದಾಖಲೆಗಳಲ್ಲಿ ಬಹುಪಾಲು ಅಂತರ್ಜಾಲದಲ್ಲಿ ಪುಕ್ಕಟೆಯಾಗಿಯೇ ಸಿಗುತ್ತವೆ. ಕೊರತೆಯಿರುವುದು ಅವನ್ನು ಜೋಡಿಸಿಕೊಡುವವರದ್ದು.

2018ರ ‘ಗ್ರೀನ್ ಬುಕ್’ ಚಿತ್ರವನ್ನೇ ತೆಗೆದುಕೊಳ್ಳಿ. ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದದ್ದು, ನೋಡಲು ಹಿತವಾದದ್ದು. ಕಪ್ಪು ಪಿಯಾನೊ ವಾದಕ ಡಾನ್ ಶರ್ಲಿ ಮತ್ತು ಅವನ ಬಿಳಿಯ ಚಾಲಕ ದಕ್ಷಿಣದ ರಾಜ್ಯಗಳಲ್ಲಿ ಸಂಚರಿಸುವ ಕತೆ. ಚಿತ್ರಕತೆ ಬರೆದವರಲ್ಲಿ ಒಬ್ಬರು ಆ ಚಾಲಕನ ಮಗ. ಶರ್ಲಿಯ ಮನೆಯವರು ತಮ್ಮನ್ನು ಕೇಳಲೇ ಇಲ್ಲವೆಂದು ಬಹಿರಂಗವಾಗಿ ಆಕ್ಷೇಪಿಸಿದರು. ಹಾಗಾಗಿ ಬಿಳಿಯ ಚಾಲಕ ಹೇಗೆ ಒಳ್ಳೆಯವನಾದ ಎಂಬುದು ಕತೆಯಾಯಿತು, ಕಪ್ಪು ಕಲಾವಿದ ಅದಕ್ಕೆ ನೆಪವಾದ. ಇನ್ನು ಹೆಸರಿಗೆ ಕಾರಣವಾದ ಪುಸ್ತಕ ಇಡೀ ಚಿತ್ರದಲ್ಲಿ ಕೆಲವು ಕ್ಷಣ ಮಾತ್ರ ಕಾಣುತ್ತದೆ.

ಆ ಪುಸ್ತಕ ನಿಜವಾದದ್ದು. ಹಾರ್ಲೆಮ್‌ನ ಅಂಚೆ ನೌಕರ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ ಶುರುಮಾಡಿದ, 1966-67ರ ಆವೃತ್ತಿಯವರೆಗೂ ಬಂದ ಪ್ರಯಾಣಿಕರ ಕೈಪಿಡಿ ಅದು. ಕಪ್ಪು ಜನರಿಗೆ ಕೋಣೆ ಕೊಡುವ ಹೋಟೆಲು, ಊಟ ಹಾಕುವ ಉಪಾಹಾರ ಗೃಹ, ಪೆಟ್ರೋಲ್ ಬಂಕು, ಕ್ಷೌರದಂಗಡಿ, ಕೋಣೆ ಬಾಡಿಗೆಗೆ ಕೊಡುವ ಮನೆ ಎಲ್ಲಿದೆ ಎಂದು ರಾಜ್ಯವಾರು, ಊರುವಾರು ಅದರಲ್ಲಿ ಪಟ್ಟಿ ಮಾಡಿದ್ದಾರೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಅದರ ಆವೃತ್ತಿಗಳನ್ನು ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಇಟ್ಟಿದೆ. ಚಿತ್ರ ನೋಡಿದ ಮೇಲೆ 1949ರ ಆವೃತ್ತಿ ತೆರೆದು, ಮಿಸಿಸಿಪಿಯನ್ನೋ ಅಲಬಾಮಾವನ್ನೋ ಆರಿಸಿ, ಎಷ್ಟು ಊರುಗಳ ಹೆಸರಿದೆ ಎಂದು ಎಣಿಸಿ. ಆ ಊರುಗಳನ್ನು ನಕ್ಷೆಯಲ್ಲಿ ಗುರುತು ಹಾಕಿ ಒಂದರಿಂದ ಮತ್ತೊಂದಕ್ಕೆ ಎಷ್ಟು ಮೈಲಿ ಎಂದು ಅಳೆಯಿರಿ. ನಡುವಿನ ದಾರಿಯಲ್ಲಿ ಮಗುವಿಗೆ ಹೊಟ್ಟೆನೋವು ಬಂದರೆ, ಟೈರು ಪಂಕ್ಚರ್ ಆದರೆ, ಕತ್ತಲಾದರೆ ಏನು ಗತಿ ಎಂಬುದು ಯಾರೂ ವಿವರಿಸದೆ ಅರ್ಥವಾಗುತ್ತದೆ. ಇದಕ್ಕೆ ಒಂದು ಗಂಟೆ ಸಾಕು. ಮುನ್ನುಡಿಯನ್ನೂ ಬಿಡಬೇಡಿ, ಮುಂದೊಂದು ದಿನ ಈ ಕೈಪಿಡಿಯೇ ಬೇಕಿಲ್ಲದಂತಾಗುತ್ತದೆ ಎಂದು ಪ್ರಕಾಶಕರೇ ಅಲ್ಲಿ ಆಶಿಸಿದ್ದಾರೆ.

‘ಹಿಡನ್ ಫಿಗರ್ಸ್’ ನಮ್ಮ ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಬಹಳ ಬಳಕೆಯಾಗುವ ಚಿತ್ರ. ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ಲೆಕ್ಕ ಹಾಕುತ್ತಿದ್ದ ಕಪ್ಪು ಮಹಿಳೆಯರ ಕತೆ. ಕ್ಯಾಥರೀನ್ ಜಾನ್ಸನ್ ಶೌಚಾಲಯಕ್ಕಾಗಿ ಮಳೆಯಲ್ಲಿ ಓಡುವುದು, ಬಿಳಿಯ ಮೇಲಧಿಕಾರಿ ಹಾರೆಯಿಂದ ಫಲಕ ಒಡೆಯುವುದು ಎಲ್ಲರ ನೆನಪಿನಲ್ಲಿ ಉಳಿಯುವ ದೃಶ್ಯಗಳು. ಎರಡೂ ನಡೆದದ್ದಲ್ಲ, ಆ ಅಧಿಕಾರಿಯೇ ಕಲ್ಪಿತ ಪಾತ್ರ. ಜಾನ್ಸನ್ ಹತ್ತಿರವಿದ್ದ ಶೌಚಾಲಯವನ್ನೇ ಬಳಸುತ್ತಿದ್ದರು, ಆಕ್ಷೇಪ ಬಂದಾಗಲೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರ್ಗೊ ಲೀ ಶೆಟರ್ಲಿ ಬರೆದ ಮೂಲ ಪುಸ್ತಕದಲ್ಲಿ ಫಲಕದ ಕತೆಯೇ ಬೇರೆ. ಊಟದ ಮನೆಯಲ್ಲಿ ಕಪ್ಪು ಮಹಿಳೆಯರ ಮೇಜಿನ ಮೇಲೆ ಅವರಿಗೆಂದೇ ಒಂದು ಫಲಕ ಇಡುತ್ತಿದ್ದರು. ಮಿರಿಯಂ ಮನ್ ಎಂಬ ಗಣಿತಜ್ಞೆ ಅದನ್ನು ಎತ್ತಿ ತನ್ನ ಕೈಚೀಲಕ್ಕೆ ಸೇರಿಸಿಬಿಡುತ್ತಿದ್ದಳು. ಹೊಸದು ಬರುತ್ತಿತ್ತು, ಅದೂ ಚೀಲ ಸೇರುತ್ತಿತ್ತು. ಕೊನೆಗೆ ಇಡುವವರೇ ಸೋತರು. ಕೆಲಸ ಕಳೆದುಕೊಳ್ಳುವ ಭಯದ ನಡುವೆ ಆ ಹೆಂಗಸು ದಿನದಿನವೂ ಮಾಡಿದ ಕೆಲಸವನ್ನು ಸಿನಿಮಾ ಕಿತ್ತು ಬಿಳಿಯನ ಕೈಗೆ ಹಾರೆಯಾಗಿ ಕೊಟ್ಟಿತಲ್ಲ, ಚರ್ಚೆ ಆಗಬೇಕಾದದ್ದು ಅದೇ. ಪುಸ್ತಕ ಪೂರ್ತಿ ಓದಿಸಲು ಆಗದಿದ್ದರೆ ಈ ಪ್ರಸಂಗ ಬರುವ ಪುಟಗಳನ್ನಾದರೂ ಚಿತ್ರಪ್ರದರ್ಶನದ ಮರುದಿನ ಹಂಚಬಹುದು. ಮೊದಲೇ ಹಂಚಿದರೆ ಪ್ರಯೋಜನವಿಲ್ಲ. ವಿದ್ಯಾರ್ಥಿಗಳು ತಪ್ಪು ಹುಡುಕಲು ಕೂರುತ್ತಾರೆ, ಸಿನಿಮಾ ತಮ್ಮ ಮೇಲೆ ಏನು ಮಾಡಿತೆಂಬುದು ಅವರಿಗೆ ತಿಳಿಯುವುದಿಲ್ಲ.

ಸಿನಿಮಾಕ್ಕೆ ಎಷ್ಟು ಶಕ್ತಿಯಿದೆ ಎಂದು ತಿಳಿಯಬೇಕಾದವರು 1915ರ ‘ದಿ ಬರ್ತ್ ಆಫ್ ಎ ನೇಷನ್’ ಬಗ್ಗೆ ಓದಲೇಬೇಕು. ಮುಖಕ್ಕೆ ಕಪ್ಪು ಬಳಿದುಕೊಂಡ ಬಿಳಿಯ ನಟರು, ರಕ್ಷಕರಂತೆ ಕುದುರೆಯೇರಿ ಬರುವ, ಕಪ್ಪು ಜನರನ್ನು ಬೆದರಿಸಿ ಕೊಲ್ಲುತ್ತಿದ್ದ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್. ಅಧ್ಯಕ್ಷ ವುಡ್ರೊ ವಿಲ್ಸನ್ ಕಾಲದಲ್ಲಿ ಶ್ವೇತಭವನದಲ್ಲೇ ಇದರ ಪ್ರದರ್ಶನವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲೆ ಕ್ಲಾನ್ ಮರುಹುಟ್ಟು ಪಡೆಯಿತು. ಶಿಲುಬೆಗೆ ಬೆಂಕಿಯಿಡುವ ಆಚರಣೆ ಮೊದಲ ಕ್ಲಾನ್‌ನಲ್ಲಿ ಇರಲೇ ಇಲ್ಲ. ಈ ಸಿನಿಮಾಕ್ಕೆ ಆಧಾರವಾದ ಕಾದಂಬರಿಯಲ್ಲಿ, ಆಮೇಲೆ ಸಿನಿಮಾದಲ್ಲಿ ಕಂಡದ್ದನ್ನು ನಿಜವಾದ ಕ್ಲಾನ್ ಕಲಿತುಕೊಂಡಿತು. ಮೂರು ಗಂಟೆಯ ಈ ಚಿತ್ರವನ್ನು ಪೂರ್ತಿ ತೋರಿಸುವ ಅಗತ್ಯ ನಮಗೆ ಕಂಡಿಲ್ಲ. ಕೊನೆಯ ಹದಿನೈದು ನಿಮಿಷ ತೋರಿಸಿ, ಕೂಡಲೇ ಆಸ್ಕರ್ ಮಿಶೊ ಎಂಬ ಕಪ್ಪು ನಿರ್ದೇಶಕನ 1920ರ ‘ವಿದಿನ್ ಅವರ್ ಗೇಟ್ಸ್’ ಹಾಕಿ. ಕಪ್ಪು ನಿರ್ದೇಶಕರ ಚಿತ್ರಗಳಲ್ಲಿ ಉಳಿದಿರುವ ಅತಿ ಹಳೆಯದು ಇದೇ. ಬಹುಕಾಲ ಕಳೆದೇಹೋಗಿದ್ದ ಇದರ ಒಂದು ಪ್ರತಿ ಸ್ಪೇನಿನಲ್ಲಿ ಸಿಕ್ಕಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1993ರಲ್ಲಿ ದುರಸ್ತಿ ಮಾಡಿತು. ಸುಮಾರು 80 ನಿಮಿಷ, ಹಕ್ಕುಸ್ವಾಮ್ಯದ ತೊಡಕಿಲ್ಲ. ಮೂಕಿಚಿತ್ರವಾದ್ದರಿಂದ ಅಮೆರಿಕದ ದಕ್ಷಿಣದ ಉಚ್ಚಾರಣೆ ಅರ್ಥವಾಗದ ತೊಂದರೆಯೂ ಇಲ್ಲ. ನಡುವೆ ಬರುವ ಬರಹದ ಪಟ್ಟಿಗಳನ್ನು ಒಬ್ಬರು ಕನ್ನಡದಲ್ಲಿ ಓದಿ ಹೇಳುತ್ತಾ ಹೋದರೆ ಹಳ್ಳಿಯ ಪ್ರೌಢಶಾಲೆಯಲ್ಲೂ ತೋರಿಸಬಹುದು. ಗುಂಪು ಹತ್ಯೆಯ ದೃಶ್ಯವಿದೆ ಎಂದು ಮೊದಲೇ ತಿಳಿಸುವುದು ಒಳ್ಳೆಯದು.

ಪುಸ್ತಕಗಳಿಗೆ ಬಂದರೆ, ಅಲೆಕ್ಸ್ ಹೇಲಿ ತನ್ನ ಗುಲಾಮ ಪೂರ್ವಜರ ಕತೆಯೆಂದು ಬರೆದ, ಕನ್ನಡಕ್ಕೂ ಬಂದಿರುವ ‘ರೂಟ್ಸ್’ನಿಂದಲೇ ಅನೇಕರು ಆರಂಭಿಸುತ್ತಾರೆ. ತಪ್ಪೇನಿಲ್ಲ, 1977ರ ಜನವರಿಯಲ್ಲಿ ಅದರ ಟಿವಿ ಧಾರಾವಾಹಿ ಸತತ ಎಂಟು ರಾತ್ರಿ ಬಂದಾಗ ಇಡೀ ಅಮೆರಿಕ ಕೂತು ನೋಡಿತು. ಆದರೆ ಅದನ್ನು ಕಾದಂಬರಿಯೆಂದೇ ಓದಬೇಕು. ಅದರ ವಂಶಾವಳಿಯನ್ನು ತಜ್ಞರು ದಾಖಲೆಗಳಲ್ಲಿ ಹುಡುಕಿದಾಗ ಹೊಂದಲಿಲ್ಲ. ಇನ್ನೊಬ್ಬ ಲೇಖಕನ ಕಾದಂಬರಿಯ ಭಾಗಗಳು ಅದರಲ್ಲಿ ಸೇರಿದ್ದವೆಂಬ ಮೊಕದ್ದಮೆ 1978ರಲ್ಲಿ ರಾಜಿಯಲ್ಲಿ ಮುಗಿಯಿತು.

ನಮ್ಮನ್ನು ಕೇಳಿದರೆ ಮೊದಲ ಪುಸ್ತಕ, ಗುಲಾಮಗಿರಿಯಿಂದ ಓಡಿಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಬರೆದ ಆತ್ಮಕಥೆ. ತೆಳ್ಳನೆಯ ಪುಸ್ತಕ, 11 ಅಧ್ಯಾಯ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತ. ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಧ್ವನಿಯೂ ಇದೆ, ನಾಲ್ಕು ಗಂಟೆಯ ಆಸುಪಾಸು. ಇದನ್ನು ಓದುವಾಗ ಒಂದು ಸಣ್ಣ ಉಪಾಯವಿದೆ. ಆರಂಭದಲ್ಲಿ ಇಬ್ಬರು ಬಿಳಿಯರ ಮುನ್ನುಡಿ, ಪತ್ರಗಳಿವೆ. ಅವನ್ನು ಬಿಟ್ಟು ಮೊದಲ ಅಧ್ಯಾಯಕ್ಕೆ ಹೋಗಿ, ಕೊನೆಯಲ್ಲಿ ಹಿಂದಿರುಗಿ. ಇಷ್ಟು ಚೆನ್ನಾಗಿ ಬರೆದವನಿಗೂ ‘ಇವನು ಹೇಳುತ್ತಿರುವುದು ನಿಜ’ ಎಂದು ಬಿಳಿಯರು ಸಾಕ್ಷಿ ನುಡಿಯಬೇಕಿತ್ತೇ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ. ಒಡೆಯರ ನಿಜವಾದ ಹೆಸರುಗಳನ್ನೇ ಅಚ್ಚುಹಾಕಿದ್ದರಿಂದ, ಓಡಿಹೋದ ಗುಲಾಮನೆಂದು ಹಿಡಿಸಿಕೊಳ್ಳುವ ಭಯದಲ್ಲಿ ಡಗ್ಲಾಸ್ ಬ್ರಿಟನ್ನಿಗೆ ಹೋಗಬೇಕಾಯಿತು. 1846ರಲ್ಲಿ ಸ್ನೇಹಿತರು ಹಣ ಕೂಡಿಸಿ ಅವನ ಬಿಡುಗಡೆಯನ್ನು ಕೊಂಡರು.

ಅದಾದ ಕೂಡಲೇ ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಬೇರೆ ಹೆಸರಿನಲ್ಲಿ ಪ್ರಕಟಿಸಿದ ಆತ್ಮಕಥೆ ಓದಬೇಕು. ಡಗ್ಲಾಸ್ ಗಂಡಸು, ಒಂಟಿ, ಹೊಡೆದಾಡಿ ಓಡಿಹೋಗಬಲ್ಲವನಾಗಿದ್ದ. ಒಡೆಯನ ಕಾಮದಿಂದ ತಪ್ಪಿಸಿಕೊಳ್ಳಬೇಕಾದ, ಮಕ್ಕಳನ್ನು ಬಿಟ್ಟು ಓಡಲಾಗದ ತಾಯಿಯ ದಾರಿ ಬೇರೆ. ಜೇಕಬ್ಸ್ ಹೆಚ್ಚುಕಡಿಮೆ ಏಳು ವರ್ಷ ಅಜ್ಜಿಯ ಮನೆಯ ಅಟ್ಟದಲ್ಲಿ ಅಡಗಿದ್ದಳು: 9 ಅಡಿ ಉದ್ದ, 7 ಅಡಿ ಅಗಲ, ಅತಿ ಎತ್ತರವಿದ್ದ ಕಡೆ 3 ಅಡಿ. ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇದನ್ನು ಬರೆದು, ಮೂರಡಿಗೆ ಒಂದು ಹಗ್ಗ ಕಟ್ಟಿ. ನೂರಿಪ್ಪತ್ತು ವರ್ಷ ಕಾಲ ವಿದ್ವಾಂಸರು ಇದನ್ನು ಬಿಳಿಯ ಸಂಪಾದಕಿ ಬರೆದ ಕಾದಂಬರಿಯೆಂದೇ ತಳ್ಳಿಹಾಕುತ್ತಿದ್ದರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸೆ ಜೇಕಬ್ಸ್‌ಳ ಕಾಗದಪತ್ರಗಳನ್ನು ಹುಡುಕಿ ಅದು ಅವಳದೇ ಬದುಕು, ಅವಳದೇ ಬರಹ ಎಂದು ಸಾಧಿಸಿದರು.

ಪ್ರಶ್ನೆ ಕೇಳುವವರ ವಿಷಯ ಇನ್ನೂ ಸೂಕ್ಷ್ಮ. ಯಾರು ಕೇಳುತ್ತಿದ್ದಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. 1936ರಿಂದ 1938ರವರೆಗೆ ಅಮೆರಿಕ ಸರ್ಕಾರ, ಗುಲಾಮಗಿರಿಯಲ್ಲಿ ಹುಟ್ಟಿ ಇನ್ನೂ ಬದುಕಿದ್ದ 2,300ಕ್ಕೂ ಹೆಚ್ಚು ಮುದುಕ ಮುದುಕಿಯರ ಹೇಳಿಕೆ ಬರೆಸಿತು. ಸಂದರ್ಶಕರಲ್ಲಿ ಬಹುತೇಕರು ಬಿಳಿಯರು, ಅದೇ ಊರಿನವರು. ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಸೂಸನ್ ಹ್ಯಾಮ್ಲಿನ್ ಎಂಬ ಮುದುಕಿಯನ್ನು ಬಿಳಿಯ ಮಹಿಳೆಯೊಬ್ಬರೂ, ಬೇರೊಮ್ಮೆ ಕಪ್ಪು ಯುವಕರೊಬ್ಬರೂ ಮಾತನಾಡಿಸಿದ್ದಾರೆ. ಬಂದ ಬಿಳಿಯ ಮಹಿಳೆ ಸರ್ಕಾರಿ ನೆರವು ಕೊಡುವವರೆಂದು ತಿಳಿದಿದ್ದ ಅಜ್ಜಿ ಅವರ ಮುಂದೆ ಒಡೆಯ ಒಳ್ಳೆಯವನೆಂದಳು. ಕಪ್ಪು ಸಂದರ್ಶಕನ ಮುಂದೆ ಚಾಟಿಯೇಟು, ಮಕ್ಕಳ ಮಾರಾಟ, ತಾಯಂದಿರ ಗೋಳು ಎಲ್ಲವೂ ಹೊರಬಂತು. ಎರಡೂ ಪ್ರತಿಗಳು ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿವೆ, ಒಂದೊಂದು ಕೆಲವೇ ಪುಟ. ಪದವಿ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾವು ಕಂಡಿಲ್ಲ. ತರಗತಿಯ ಅರ್ಧ ಭಾಗಕ್ಕೆ ಒಂದು, ಉಳಿದರ್ಧಕ್ಕೆ ಇನ್ನೊಂದು ಕೊಟ್ಟು, ಗುಲಾಮಗಿರಿ ಹೇಗಿತ್ತು ಎಂದು ಕೇಳಿ ನೋಡಿ. ಅದೇ ಗ್ರಂಥಾಲಯದಲ್ಲಿ 1932ರಿಂದ 1975ರ ನಡುವೆ ಧ್ವನಿಮುದ್ರಿಸಿದ, ಹಿಂದೆ ಗುಲಾಮರಾಗಿದ್ದ 23 ಮಂದಿಯ ಏಳು ಗಂಟೆಯಷ್ಟು ಮಾತೂ ಇದೆ. ಧ್ವನಿ ಗೊರಗೊರ ಎನ್ನುತ್ತದೆ. ಲಿಖಿತ ಪ್ರತಿ ಎದುರಿಗಿಟ್ಟುಕೊಳ್ಳದೆ ಕೇಳಿದರೆ ಐದು ನಿಮಿಷಕ್ಕೇ ಬಿಟ್ಟುಬಿಡುತ್ತೀರಿ.

ಪಾಡ್‌ಕಾಸ್ಟ್‌ಗಳಲ್ಲಿ ನಮ್ಮ ಮೊದಲ ಆಯ್ಕೆ ‘ಸೀನ್ ಆನ್ ರೇಡಿಯೊ’ದ 2017ರ ಸರಣಿ ‘ಸೀಯಿಂಗ್ ವೈಟ್’. 14 ಕಂತು, ಪ್ರತಿ ಕಂತಿನ ಲಿಖಿತ ರೂಪವೂ ಲಭ್ಯ. ಕಪ್ಪು ಜನರ ನೋವನ್ನು ತೋರಿಸಿ ಕೈಬಿಡುವುದಿಲ್ಲ ಅದು, ‘ಬಿಳಿಯ’ ಎಂಬ ವರ್ಗವನ್ನು ಯಾರು, ಯಾವಾಗ, ಏಕೆ ಕಟ್ಟಿದರು ಎಂದು ಕೇಳುತ್ತದೆ. ಉತ್ತರದ ಒಂದು ತುಂಡು ವರ್ಜೀನಿಯಾದ ಕೋರ್ಟಿನ ಕಡತದಲ್ಲಿದೆ. 1640ರಲ್ಲಿ ಮೂವರು ಆಳುಗಳು ಒಟ್ಟಿಗೆ ಓಡಿಹೋಗಿ ಸಿಕ್ಕಿಬಿದ್ದರು. ಇಬ್ಬರು ಯುರೋಪಿನವರಿಗೆ ನಾಲ್ಕು ವರ್ಷ ಹೆಚ್ಚಿನ ಜೀತ. ಜಾನ್ ಪಂಚ್ ಎಂಬ ಆಫ್ರಿಕನ್ನನಿಗೆ ಜೀವಮಾನವಿಡೀ. ಮುಂದೆ 1662ರಲ್ಲಿ ಮಗುವಿನ ಸ್ಥಿತಿ ತಾಯಿಯದನ್ನೇ ಅನುಸರಿಸತಕ್ಕದ್ದು ಎಂಬ ಕಾನೂನು ಬಂತು. ಒಡೆಯನೇ ಗುಲಾಮ ಹೆಂಗಸಿನಲ್ಲಿ ಹುಟ್ಟಿಸಿದ ಮಗು ಅವನ ಆಸ್ತಿಯಾಯಿತು. ಈ ಎರಡು ಇಸವಿ ಗೊತ್ತಿದ್ದವರು ‘ವರ್ಣದ್ವೇಷ ಮನುಷ್ಯ ಸಹಜ’ ಎನ್ನುವ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು.

ಎರಡನೆಯದು ‘ಇನ್ ದಿ ಡಾರ್ಕ್’ನ 2018ರ ಸರಣಿ. ಮಿಸಿಸಿಪಿಯಲ್ಲಿ ನಾಲ್ವರ ಕೊಲೆಯ ಆರೋಪದ ಮೇಲೆ ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ವ್ಯಕ್ತಿಯನ್ನು ಒಬ್ಬನೇ ಸರ್ಕಾರಿ ವಕೀಲ ಆರು ಬಾರಿ ವಿಚಾರಣೆಗೆ ಒಳಪಡಿಸಿದ ಕತೆ. ಸಾಮಾನ್ಯ ನಾಗರಿಕರೇ ಕೂತು ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಜ್ಯೂರಿ ಪದ್ಧತಿ ನಮ್ಮಲ್ಲಿ ಈಗ ಇಲ್ಲವಾದ್ದರಿಂದ ಕೇಳುವ ಮುನ್ನ ಒಂದು ಸಂಗತಿ ತಿಳಿದಿರಬೇಕು: ಅಲ್ಲಿ ಜ್ಯೂರಿಗೆ ಬರಬಹುದಾದವರಲ್ಲಿ ಕೆಲವರನ್ನು ಕಾರಣ ಹೇಳದೆಯೇ ತೆಗೆದುಹಾಕುವ ಅಧಿಕಾರ ಎರಡೂ ಕಡೆಯ ವಕೀಲರಿಗಿದೆ. ವರದಿಗಾರರು ಹಳೆಯ ಕಡತಗಳನ್ನು ಕೈಯಾರೆ ತೆಗೆದು ಲೆಕ್ಕ ಹಾಕಿದಾಗ ಆ ಸರ್ಕಾರಿ ವಕೀಲನ ಕಚೇರಿ ಬಿಳಿಯರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಕಪ್ಪು ಜನರನ್ನು ಹೊರಗಟ್ಟಿದ್ದು ಕಂಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು. ಆರೂ ವಿಚಾರಣೆಗಳಲ್ಲಿ ತೆಗೆದುಹಾಕಬಹುದಾಗಿದ್ದ 42 ಕಪ್ಪು ಜನರಲ್ಲಿ 41 ಮಂದಿಯನ್ನು ತೆಗೆದುಹಾಕಿದ್ದು ಆ ತೀರ್ಪಿನಲ್ಲೇ ಇದೆ. ಬೈಗುಳವಿಲ್ಲ, ಮುಖವಾಡವಿಲ್ಲ, ವರ್ಣಭೇದ ಕಚೇರಿಯ ಕಾಗದದಲ್ಲಿ ಹೇಗೆ ನಡೆಯುತ್ತದೆ ಎಂಬುದು ಇದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕೇಳಿಸುವುದಿಲ್ಲ.

ಗುಲಾಮಗಿರಿಯಿಂದಲೇ ಅಮೆರಿಕದ ಇತಿಹಾಸವನ್ನು ಹೇಳಹೊರಟ ನ್ಯೂಯಾರ್ಕ್ ಟೈಮ್ಸ್‌ನ ಪಾಡ್‌ಕಾಸ್ಟ್ ‘1619’ ಕೇಳುವವರು ಅದರ ವಿವಾದವನ್ನೂ ಓದಿಕೊಳ್ಳಲಿ. ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ಗುಲಾಮಗಿರಿಯನ್ನು ಉಳಿಸಿಕೊಳ್ಳುವ ಉದ್ದೇಶ ಒಂದು ಮುಖ್ಯ ಕಾರಣ ಎಂಬ ಅದರ ಮಾತಿಗೆ ಐವರು ಇತಿಹಾಸಕಾರರು ಆಕ್ಷೇಪವೆತ್ತಿದರು. ಪತ್ರಿಕೆ 2020ರ ಮಾರ್ಚ್‌ನಲ್ಲಿ ಅದನ್ನು ವಸಾಹತಿನ ‘ಕೆಲವರ’ ಉದ್ದೇಶ ಎಂದು ತಿದ್ದಿತು. ಕಪ್ಪು ಜನರನ್ನು ಜೈಲಿಗೆ ತಳ್ಳುವ ವ್ಯವಸ್ಥೆಯ ಬಗ್ಗೆ ಏವಾ ಡುವರ್ನೆ ಮಾಡಿದ 2016ರ ಸಾಕ್ಷ್ಯಚಿತ್ರ ‘13ತ್’ ಕೂಡ ಹಾಗೆಯೇ. ಬಲವಾದ ಚಿತ್ರ, ಆದರೆ ನೋಡಿ ಎದ್ದವರು ಅಮೆರಿಕದ ಕೈದಿಗಳೆಲ್ಲ ಖಾಸಗಿ ಕಂಪನಿಗಳ ಜೈಲಿನಲ್ಲಿದ್ದಾರೆ ಎಂದು ನಂಬುತ್ತಾರೆ. ಹಾಗಿರುವವರು ನೂರಕ್ಕೆ ಹತ್ತು ಮಂದಿಯೂ ಅಲ್ಲ. ಉಳಿದವರೆಲ್ಲ ಸರ್ಕಾರಿ ಜೈಲುಗಳಲ್ಲೇ ಇದ್ದಾರೆ.

ಇನ್ನು ನಮ್ಮವರಿಗೆ ನೇರ ತಾಗುವ ಭಾಗ. ‘ಸೀಯಿಂಗ್ ವೈಟ್’ನ ಹತ್ತನೆಯ ಕಂತು ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯದು. ಆಗ ಅಮೆರಿಕದ ಪೌರತ್ವ ಪಡೆಯಲು ವಲಸಿಗ ಬಿಳಿಯನಾಗಿರಬೇಕಿತ್ತು, ಇಲ್ಲವೇ ಆಫ್ರಿಕನ್ ಮೂಲದವನಾಗಿರಬೇಕಿತ್ತು. ಥಿಂಡ್ ಈ ಕಾನೂನೇ ತಪ್ಪು ಎನ್ನಲಿಲ್ಲ, ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂದ. ಮದುವೆಯ ವಿಷಯದಲ್ಲಿ ಅಮೆರಿಕನ್ನರು ಕಪ್ಪು ಜನರನ್ನು ಕಾಣುವಂತೆಯೇ ಮೇಲ್ಜಾತಿಯ ಹಿಂದೂ ಇಲ್ಲಿನ ಮೂಲನಿವಾಸಿಗಳನ್ನು ಕಾಣುತ್ತಾನೆ ಎಂಬ ವಾದವನ್ನು ಅವನ ಪರ ಲಿಖಿತವಾಗಿ ಮಂಡಿಸಲಾಯಿತು. 1923ರ ಫೆಬ್ರುವರಿ 19ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಮೂರು ತಿಂಗಳ ಹಿಂದೆ ಪೌರತ್ವ ಕೇಳಿದ್ದ ಜಪಾನಿನ ಒಜಾವಾನಿಗೆ ‘ನೀನು ಕಕೇಶಿಯನ್ (ಆಗಿನ ಜನಾಂಗಶಾಸ್ತ್ರ ಬಿಳಿಯರನ್ನು ಸೇರಿಸಿದ್ದ ಗುಂಪಿನವನು) ಅಲ್ಲ’ ಎಂದಿದ್ದ ಅದೇ ಕೋರ್ಟು, ಈಗ ‘ಕಕೇಶಿಯನ್ ಆದರೇನು, ಸಾಮಾನ್ಯ ಮನುಷ್ಯನ ಕಣ್ಣಿಗೆ ನೀನು ಬಿಳಿಯನಲ್ಲ’ ಎಂದಿತು. ಎರಡೂ ತೀರ್ಪು ಒಟ್ಟಿಗೆ ಓದಲು ಒಂದು ಸಂಜೆ ಸಾಕು. ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರು ಆ ಸಂಜೆಯನ್ನು ಖರ್ಚುಮಾಡಲಿ ಎಂಬುದು ನಮ್ಮ ಆಸೆ.

ಇದಕ್ಕೆ ಎದುರಾಗಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಇಡಿ. 1940ರ ಆಸುಪಾಸಿನ ತಮ್ಮ ಅಮೆರಿಕ ಪ್ರವಾಸದಲ್ಲಿ, ದಕ್ಷಿಣದ ರೈಲಿನ ಬಿಳಿಯರ ಬೋಗಿಯಿಂದ ಏಳಲು ಅವರು ಒಪ್ಪಲಿಲ್ಲ. ಭಾರತದವರೆಂದು ಗೊತ್ತಾದ ಮೇಲೆ ಸಿಬ್ಬಂದಿ ಸುಮ್ಮನಾಗುವುದರಲ್ಲಿದ್ದ. ಅವರೇ ಆ ರಿಯಾಯಿತಿಯನ್ನು ನಿರಾಕರಿಸಿ, ತಾವೂ ಬಿಳಿಯರಲ್ಲದ, ‘ಬಣ್ಣದ’ ಹೆಂಗಸೇ, ಆದರೂ ಏಳುವುದಿಲ್ಲ ಎಂದರು. ಇನ್ನು 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಅಮೆರಿಕನ್ ಚಿಂತಕ ಡು ಬೋಯ್ಸ್‌ಗೆ ಬರೆದ ಚಿಕ್ಕ ಪತ್ರ, ಅದಕ್ಕೆ ಜುಲೈ 31ರಂದು ಬಂದ ಉತ್ತರ ಎರಡೂ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಗ್ರಂಥಾಲಯದ ಜಾಲತಾಣದಲ್ಲಿವೆ. ಕಪ್ಪು ಅಮೆರಿಕನ್ನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಎರಡು ಮೂರು ಪ್ರತಿ ಕಳಿಸಿ ಎಂದು ಅಂಬೇಡ್ಕರ್ ಕೇಳುತ್ತಾರೆ. ಕುತೂಹಲಕ್ಕಲ್ಲ, ಅದೇ ದಾರಿಯನ್ನು ಅಸ್ಪೃಶ್ಯರೂ ಹಿಡಿಯಬಹುದೇ ಎಂದು ನೋಡಲು.

ಚರ್ಚೆ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಯಾರೋ ಒಬ್ಬರು ‘ಇದು ನಮ್ಮ ಜಾತಿಯ ಹಾಗೆಯೇ’ ಎನ್ನುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ, ಮಾತು ನಿಲ್ಲುತ್ತದೆ. ಹೋಲಿಕೆ ಇದೆ. ಆದರೆ ಅಮೆರಿಕದಲ್ಲಿ ಬಿಳಿಯ-ಕಪ್ಪು ಮದುವೆ ತಡೆಯಲು ರಾಜ್ಯಗಳು ಕಾನೂನು ಮಾಡಬೇಕಾಯಿತು, ಅವು ಬಿದ್ದದ್ದು 1967ರ ಲವಿಂಗ್ ಮೊಕದ್ದಮೆಯಲ್ಲಿ. ನಮ್ಮಲ್ಲಿ ಸರ್ಕಾರದ ಕಾನೂನಿನ ಹಂಗಿಲ್ಲದೆ ಮನೆಮನೆಯೂ ಆ ಕೆಲಸವನ್ನು ಮಾಡಿಕೊಂಡು ಬಂದಿದೆ. ಹೋಲಿಕೆ ಶುರುವಾಗಬೇಕಾದದ್ದು ಇಂಥ ವ್ಯತ್ಯಾಸದಿಂದ. ಇನ್ನೊಂದು, ಯಲ್ಲಾಪುರ, ಹಳಿಯಾಳದ ಆಫ್ರಿಕನ್ ಮೂಲದ ಸಿದ್ದಿಗಳನ್ನು ಅಮೆರಿಕದ ಕತೆಯೊಳಗೆ ತುರುಕುವುದು. ಪೋರ್ಚುಗೀಸರ ಗೋವೆಯ ಮೂಲಕ, ಅರಬ್ ವ್ಯಾಪಾರದ ಮೂಲಕ ಬಂದವರ ಇತಿಹಾಸವೇ ಬೇರೆ. ಅದನ್ನು ಅದಾಗಿಯೇ ಓದಬೇಕು. 2016ರಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ, ಬೇರೆ ಯಾರೋ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿದ್ದದ್ದನ್ನು ಅರ್ಥಮಾಡಿಕೊಳ್ಳಲು ಮಾತ್ರ ಅಮೆರಿಕದವರೆಗೆ ಹೋಗಬೇಕಿಲ್ಲ.

ಓದುವ ಬಳಗ ಕಟ್ಟುವವರಿಗೆ ಎರಡು ಮಾತು. ಹನ್ನೆರಡರಿಂದ ಹದಿನೈದು ಮಂದಿಗಿಂತ ಹೆಚ್ಚು ಬೇಡ. ತಿಂಗಳಿಗೆ ಒಂದು ಸಿನಿಮಾ, ಒಂದು ದಾಖಲೆ. ಅದಕ್ಕಿಂತ ವೇಗವಾಗಿ ಹೋದರೆ ದಾಖಲೆ ಓದುವುದನ್ನೇ ಎಲ್ಲರೂ ಬಿಡುತ್ತಾರೆ. ಹಿಂದಿ ಡಬ್ಬಿಂಗ್ ಬೇಡ, ಇಂಗ್ಲಿಷ್ ಅಡಿಬರಹದೊಂದಿಗೆ ಮೂಲ ಧ್ವನಿಯೇ ಇರಲಿ. ಒಡೆಯನ ಮುಂದೆ ಒಂದು ಬಗೆ, ತಮ್ಮೊಳಗೆ ಇನ್ನೊಂದು ಬಗೆ ಮಾತಾಡುವುದು ಡಬ್ಬಿಂಗ್‌ನಲ್ಲಿ ಅಳಿಸಿಹೋಗುತ್ತದೆ. ಮನೆಯ ಓಟಿಟಿ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಅಲ್ಲ ಎಂಬುದೂ ನೆನಪಿರಲಿ.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ಮುಂದಿನ ಸಲ ಇಂಥ ಪಟ್ಟಿ ಪ್ರಕಟಿಸುವಾಗ ಪ್ರತಿ ಹೆಸರಿನ ಎದುರು ಎಷ್ಟು ಹೊತ್ತಿನದು, ಉಚಿತವಾಗಿ ಎಲ್ಲಿ ಸಿಗುತ್ತದೆ, ಯಾವ ದಾಖಲೆಯ ಜೊತೆ ನೋಡಬೇಕು ಎಂದು ಒಂದೊಂದು ಸಾಲು ಸೇರಿಸಿ. ಡಗ್ಲಾಸ್‌ನ ಆತ್ಮಕಥೆಗೆ ಈಗ ಹಕ್ಕುಸ್ವಾಮ್ಯವಿಲ್ಲ. ಕನ್ನಡಕ್ಕೆ ತರಿಸಿ ಭಾನುವಾರದ ಪುರವಣಿಯಲ್ಲಿ ವಾರಕ್ಕೊಂದು ಅಧ್ಯಾಯ ಹಾಕಲು ಯಾರ ಅನುಮತಿಯೂ ಬೇಕಿಲ್ಲ. ಹತ್ತನೆಯ ಅಧ್ಯಾಯ ಮಾತ್ರ ಉಳಿದವುಗಳಿಗಿಂತ ಬಹಳ ಉದ್ದ, ಅದಕ್ಕೆ ಮೂರು ನಾಲ್ಕು ವಾರ ತೆಗೆದಿಡಬೇಕಾಗುತ್ತದೆ.

ಇತಿಹಾಸ ಮತ್ತು ಇಂಗ್ಲಿಷ್ ಬೋಧಿಸುವ ಕೆಲವು ಕಾಲೇಜು ಅಧ್ಯಾಪಕರು,
ಧಾರವಾಡ